ಲೆಕ್ಕ ಕಲ್ತು ಏನ್ಮಾಡ್ತಾರೆ ಅಂದವರ ದೇಶದಲ್ಲಿ

ಎಲ್ಲ ಕೇಳುಗರಿಗೂ ನಮಸ್ಕಾರ. ಇವತ್ತು ದಕ್ಷಿಣ ಆಫ್ರಿಕಾದ ಬಗ್ಗೆ ಮಾತಾಡ್ಬೇಕು ಅಂತ ಬಂದಿದೀನಿ. ಕ್ರಿಕೆಟ್ಟು, ಗಾಂಧೀಜಿ, ಮಂಡೇಲಾ ಇಷ್ಟು ಬಿಟ್ರೆ ನನಗೂ ಆ ದೇಶ ಗೊತ್ತಿರ್ಲಿಲ್ಲ, ಮೈಸೂರಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿ, ಆಮೇಲೆ ಜೋಹಾನ್ಸ್‌ಬರ್ಗ್‌ಗೆ ಹೋಗಿ ನಾಲ್ಕು ವರ್ಷ ಇದ್ದೆ. ನನಗೆ ಸಿಕ್ಕಿದ ವೀಸಾಕ್ಕೆ ಕ್ರಿಟಿಕಲ್ ಸ್ಕಿಲ್ಸ್ ವೀಸಾ ಅಂತಾರೆ. ಅಂದ್ರೆ ಆ ಕೆಲಸಕ್ಕೆ ದೇಶದಲ್ಲಿ ಸಾಕಷ್ಟು ಜನ ಸಿಗ್ತಿಲ್ಲ, ಹೊರಗಿಂದ ಬನ್ನಿ ಅಂತ. ಅದೇ ದೇಶದಲ್ಲಿ ಕೆಲಸ ಹುಡುಕೋ ಮೂವರಲ್ಲಿ ಒಬ್ಬರಿಗೆ ಕೆಲಸ ಇಲ್ಲ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅನ್ನೋದು ನನಗೆ ಅರ್ಥ ಆಗಿದ್ದು ನಮ್ಮ ಆಫೀಸಲ್ಲಿ ಟೀ ಮಾಡ್ಕೊಡ್ತಿದ್ದ ಒಬ್ಬ ಹೆಂಗಸಿಂದ.

ಅವರನ್ನ ಎಲ್ಲರೂ ಮಾಮಾ ಅಂತ ಕರೀತಿದ್ರು. ನಮ್ಮಲ್ಲಿ ಮಾಮಾ ಅಂದ್ರೆ ಅಮ್ಮನ ತಮ್ಮ, ಅಲ್ಲಿ ಅಮ್ಮನೇ ಮಾಮಾ. ಅವರ ಮನೆ ಆರೆಂಜ್ ಫಾರ್ಮ್ ಅನ್ನೋ ಕಡೆ, ಊರಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್. ನಮ್ಮ ಆಫೀಸಿದ್ದದ್ದು ಉತ್ತರಕ್ಕೆ ಸ್ಯಾಂಡ್‌ಟನ್‌ನಲ್ಲಿ, ಗಾಜಿನ ಕಟ್ಟಡಗಳ ಏರಿಯಾ. ಬೆಳಗ್ಗೆ ನಾಲ್ಕೂಕಾಲಿಗೆ ಮನೆ ಬಿಟ್ಟು, ಒಂದು ಟ್ಯಾಕ್ಸಿ ಹಿಡ್ದು ಸಿಟಿಗೆ ಬಂದು, ಅಲ್ಲಿಂದ ಇನ್ನೊಂದು ಟ್ಯಾಕ್ಸಿ. ಟ್ಯಾಕ್ಸಿ ಅಂದ್ರೆ ನಮ್ಮ ಮ್ಯಾಕ್ಸಿಕ್ಯಾಬ್ ಥರ, ಹದಿನೈದು ಜನ ಒತ್ಕೊಂಡು ಕೂರೋದು. ಕಂಡಕ್ಟರ್ ಇರಲ್ಲ, ಹಿಂದಿನ ಸೀಟವರು ದುಡ್ಡು ಮುಂದಕ್ಕೆ ದಾಟಿಸ್ತಾರೆ, ಡ್ರೈವರ್ ಪಕ್ಕ ಕೂತವರು ಎಲ್ಲರ ದುಡ್ಡು ಎಣಿಸಿ, ಯಾರಿಗೆ ಎಷ್ಟು ಚಿಲ್ಲರೆ ಅಂತ ಬಾಯಲ್ಲೇ ಲೆಕ್ಕ ಹಾಕಿ ವಾಪಸ್ ಕಳಿಸ್ಬೇಕು. ಒಂದ್ಸಲ ಮಾಮಾ ಜೊತೆ ನಾನೂ ಹೋದೆ, ಅವರು ಮುಂದೆ ಕೂತಿದ್ರು. ಇಬ್ಬರದ್ದು ಸೇರಿಸಿ ಕೊಟ್ಟವರು, ನೂರರ ನೋಟು ಕೊಟ್ಟವರು, ನಾಲ್ಕು ಜನಕ್ಕೆ ಒಬ್ಬರೇ ಕೊಟ್ಟವರು, ಎಲ್ಲಾ ಎರಡೇ ನಿಮಿಷದಲ್ಲಿ ಚುಕ್ತಾ, ಒಂದು ಸೆಂಟೂ ಹೆಚ್ಚುಕಮ್ಮಿ ಇಲ್ಲ. ಶಾಲೇಲಿ ಲೆಕ್ಕ ಚೆನ್ನಾಗಿ ಮಾಡ್ತಿದ್ರಾ ಮಾಮಾ ಅಂತ ಕೇಳಿದೆ. ನಮಗೆಲ್ಲಿ ಕಲಿಸಿದ್ರಪ್ಪಾ, ನಾವು ಬಂಟು ಎಜುಕೇಶನ್‌ನವರು ಅಂದ್ರು.

ಆ ಮಾತು ನನಗೆ ಆವತ್ತು ಅಷ್ಟಾಗಿ ತಲೆಗೆ ಹೋಗ್ಲಿಲ್ಲ. ಆಮೇಲೆ ಓದಿ ತಿಳ್ಕೊಂಡೆ. 1953ರಲ್ಲಿ ಅಲ್ಲಿನ ಬಿಳಿಯರ ಸರ್ಕಾರ ಬಂಟು ಎಜುಕೇಶನ್ ಆಕ್ಟ್ ಅಂತ ಕಾನೂನು ತಂತು, ಬಂಟು ಅಂದ್ರೆ ಸರ್ಕಾರ ಕಪ್ಪು ಜನಕ್ಕೆ ಇಟ್ಟಿದ್ದ ಹೆಸರು, ಅವರ ಮಕ್ಕಳಿಗೇ ಬೇರೆ, ಕಮ್ಮಿ ದರ್ಜೆಯ ಓದು. ಅದನ್ನ ತಂದ ಮಂತ್ರಿ ಹೆಂಡ್ರಿಕ್ ಫರ್ವೂರ್ಟ್, ಮುಂದೆ ಪ್ರಧಾನಿಯೂ ಆದ್ರು. ಕಪ್ಪು ಮಗುವಿಗೆ ಗಣಿತ ಕಲಿಸಿ ಏನು ಪ್ರಯೋಜನ, ಅದನ್ನ ಬಳಸೋ ಕೆಲಸ ಅದಕ್ಕೆ ಸಿಗೋದೇ ಇಲ್ವಲ್ಲ ಅನ್ನೋ ಅರ್ಥದಲ್ಲಿ ಆ ಮನುಷ್ಯ ಬಹಿರಂಗವಾಗೇ ಮಾತಾಡಿದಾರೆ. ಕೂಲಿಗಿಂತ ಮೇಲಿನ ಕೆಲಸ ಕೊಡಲ್ಲ ಅಂತ ಮೊದಲೇ ತೀರ್ಮಾನ, ಕೊಡದೇ ಇರೋ ಕೆಲಸಕ್ಕೆ ಓದು ಯಾಕೆ ಅಂತ ಆಮೇಲೆ ವಾದ. ದುಡ್ಡು ಹಂಚಿದ್ದೂ ಹಾಗೇ. 1975–76ರಲ್ಲಿ ಒಂದು ಬಿಳಿ ಮಗುವಿನ ಓದಿಗೆ ಸರ್ಕಾರ 644 ರಾಂಡ್ ಖರ್ಚು ಮಾಡ್ತಿತ್ತು, ಭಾರತೀಯ ಮೂಲದ ಮಗುವಿಗೆ 189, ಮಿಶ್ರ ಮೂಲದವರಿಗೆ ಅಂದ್ರೆ ಅವರು ಕಲರ್ಡ್ ಅನ್ನೋರಿಗೆ 139, ಕಪ್ಪು ಮಗುವಿಗೆ 42. ನಾಲ್ಕು ಬಣ್ಣಕ್ಕೆ ನಾಲ್ಕು ರೇಟು. ಅದರ ಮೇಲೆ ಅರ್ಧದಷ್ಟು ಪಾಠಾನೂ ಆಫ್ರಿಕಾನ್ಸ್ ಅನ್ನೋ ಡಚ್ ಮೂಲದ ಬಿಳಿಯರ ಭಾಷೇಲೇ ಕಲೀಬೇಕು ಅಂತ ಹೇರಿದಾಗ 1976ರ ಜೂನ್ 16ಕ್ಕೆ ಜೋಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದ ಮಕ್ಕಳು ಯೂನಿಫಾರ್ಮಲ್ಲೇ ಬೀದಿಗಿಳಿದ್ರು, ಪೊಲೀಸರು ಗುಂಡು ಹಾರಿಸಿದ್ರು. ಈಗ ಆ ದಿನ ಅಲ್ಲಿ ಸರ್ಕಾರಿ ರಜೆ.

ಇನ್ನು ಕೆಲಸದ್ದು ಕೇಳಿ. ಜೋಹಾನ್ಸ್‌ಬರ್ಗ್ ಅನ್ನೋ ಊರೇ ಚಿನ್ನದ ಗಣಿಯಿಂದ ಹುಟ್ಟಿದ್ದು. ಗಣಿ ಒಳಗೆ ಬಂಡೆಗೆ ತೂತು ಕೊರೆಯೋದು, ಒಡೆದ ಅದಿರು ತುಂಬೋದು, ಎಲ್ಲ ಕಪ್ಪು ಕಾರ್ಮಿಕರೇ. ಆದ್ರೆ ಸಿಡಿಮದ್ದು ಸಿಡಿಸೋಕೆ ಒಂದು ಸರ್ಟಿಫಿಕೇಟ್ ಬೇಕು, ಅದು ಕಪ್ಪು ಜನಕ್ಕೆ ಸಿಗ್ತಿರ್ಲಿಲ್ಲ, 1926ರ ಕಾನೂನಿಂದ ಹಿಡಿದು 1980ರ ದಶಕದ ಕೊನೆವರೆಗೂ. ಮೂವತ್ತು ವರ್ಷ ಗಣೀಲಿ ಜೀವ ತೇದವನೂ ಹೊಸದಾಗಿ ಬಂದ ಬಿಳಿ ಹುಡುಗನ ಕೈಕೆಳಗೇ ಇರ್ಬೇಕು. 1970ರ ಸುಮಾರಿಗೆ ಚಿನ್ನದ ಗಣೀಲಿ ಬಿಳಿಯರ ಸಂಬಳ ಕಪ್ಪು ಕಾರ್ಮಿಕರ ಸಂಬಳದ 20 ಪಟ್ಟು ಹತ್ರ ಇತ್ತು. ಜಾಗದ್ದೂ ಅದೇ ಕಥೆ, 1913ರ ಲ್ಯಾಂಡ್ ಆಕ್ಟ್ ಪ್ರಕಾರ ದೇಶದ ಬಹುಸಂಖ್ಯಾತರಿಗೆ ನೆಲದಲ್ಲಿ ಶೇಕಡಾ 7ರಷ್ಟು, ಆಮೇಲೆ ಅದನ್ನ 13ಕ್ಕೆ ಏರಿಸಿದ್ರು, ಅಷ್ಟೇ. 1950ರ ಗ್ರೂಪ್ ಏರಿಯಾಸ್ ಆಕ್ಟ್ ಬಂದ್ಮೇಲೆ ಊರೊಳಗೆ ಯಾವ ಬಣ್ಣದವರು ಎಲ್ಲಿರ್ಬೇಕು ಅಂತಾನೂ ಸರ್ಕಾರವೇ ಗೆರೆ ಎಳೀತು.

1994ರಲ್ಲಿ ಎಲ್ಲರೂ ವೋಟು ಹಾಕಿದ್ರು, ಮಂಡೇಲಾ ಬಂದ್ರು, ಈ ಕಾನೂನುಗಳು ಅಷ್ಟೊತ್ತಿಗೆ ರದ್ದಾಗಿದ್ವು. ಸಣ್ಣ ಸಾಧನೆ ಅಲ್ಲ ಅದು, ರಕ್ತಪಾತದಲ್ಲಿ ಮುಗೀಬಹುದಾಗಿದ್ದ ದೇಶ ಅದು. ಆಮೇಲೆ ಲಕ್ಷಗಟ್ಟಲೆ ಮನೆ ಕಟ್ಟಿಸಿದ್ರು, ಕರೆಂಟ್ ಕೊಟ್ರು, ಬಡಮಕ್ಕಳಿಗೆ ತಿಂಗಳ ಗ್ರಾಂಟ್ ಕೊಟ್ರು. ಆದ್ರೆ ಮನೆ ಕಟ್ಟಿದ್ದು ಎಲ್ಲಿ ಅಂದ್ರೆ ಜಾಗ ಅಗ್ಗಕ್ಕೆ ಸಿಕ್ಕಿದ ಕಡೆ, ಅಂದ್ರೆ ಮತ್ತೆ ದೂರದಲ್ಲೇ. ಇವತ್ತೂ ಕಪ್ಪು ಜನರಲ್ಲಿ ನಿರುದ್ಯೋಗ ಶೇಕಡಾ 35ರ ಮೇಲೆ, ಬಿಳಿಯರಲ್ಲಿ ಶೇಕಡಾ 10ರ ಒಳಗೆ. ವಿಶ್ವಬ್ಯಾಂಕ್ ಲೆಕ್ಕದಲ್ಲಿ ಬಡವ ಬಲ್ಲಿದರ ಅಂತರ ಪ್ರಪಂಚದಲ್ಲೇ ಅತಿ ಹೆಚ್ಚಿರೋ ದೇಶ ಅದು.

ಮಾಮಾಗೆ ಒಬ್ಬಳು ಮಗಳು. ಅವಳು ಹತ್ತನೇ ಕ್ಲಾಸಿಗೆ ಬಂದಾಗ ಮಾಮಾ ನನ್ನ ಹತ್ರ ಬಂದು, ನೀನು ಇಂಜಿನಿಯರ್ ಅಲ್ವಾ, ನನ್ನ ಮಗಳಿಗೂ ಅದೇ ಆಗ್ಬೇಕಂತೆ, ಒಂಚೂರು ಲೆಕ್ಕ ಹೇಳ್ಕೊಡು ಅಂದ್ರು. ಶನಿವಾರ ಆಫೀಸ್ ಕ್ಯಾಂಟೀನಲ್ಲಿ ಕೂರ್ತಿದ್ವಿ. ಮೊದಲನೇ ದಿನ ಅವಳ ಪುಸ್ತಕ ತೆಗೆದು ನೋಡಿದ್ರೆ ಟ್ಯಾಕ್ಸಿ ದರ, ಮೊಬೈಲ್ ಬಿಲ್ಲು, ಗೋಡೆಗೆ ಎಷ್ಟು ಲೀಟರ್ ಬಣ್ಣ ಬೇಕು, ಇಂಥವೇ. ಆಲ್ಜೀಬ್ರಾ ಎಲ್ಲಮ್ಮಾ ಅಂದೆ. ಇದು ಮ್ಯಾಥ್ಸ್ ಲಿಟರಸಿ ಅಂಕಲ್, ನಮ್ಮ ಸ್ಕೂಲಲ್ಲಿ ಮ್ಯಾಥಮ್ಯಾಟಿಕ್ಸ್ ಇಲ್ಲ, ಟೀಚರ್ ಇಲ್ಲ ಅಂದ್ಳು. ಅಲ್ಲಿ ಹತ್ತನೇ ಕ್ಲಾಸಿಗೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಆರಿಸ್ಕೋಬೇಕು, ಲಿಟರಸಿ ತಗೊಂಡ್ರೆ ಮೆಟ್ರಿಕ್, ಅಂದ್ರೆ ಅಲ್ಲಿನ ಹನ್ನೆರಡನೇ ಕ್ಲಾಸು, ಪಾಸಾಗಬಹುದು, ಆದ್ರೆ ಇಂಜಿನಿಯರಿಂಗ್ ಬಾಗಿಲು ಮುಚ್ಚಿಹೋಯ್ತು. ಹಲವಾರು ಸರ್ಕಾರಿ ಹೈಸ್ಕೂಲುಗಳಲ್ಲಿ ಆರಿಸ್ಕೊಳ್ಳೋ ಮಾತೇ ಇಲ್ಲ. ನಾನು ಆ ಪುಸ್ತಕ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಸುಮ್ನೆ ಕೂತೆ. ಯಾವ ಮಂತ್ರೀನೂ ಈಗ ಕಪ್ಪು ಮಗುವಿಗೆ ಲೆಕ್ಕ ಬೇಡ ಅಂತ ಹೇಳ್ತಿಲ್ಲ, ಸಂವಿಧಾನದಲ್ಲಿ ಸಮಾನತೆ ಅಂತ ಬರೆದಿದೆ, ಆದ್ರೂ ಆ ಹುಡುಗಿ ಕೈಗೆ ಬಂದಿದ್ದು ಅದೇ.

ಬೇರೆ ಸ್ಕೂಲಿಗೆ ಯಾಕೆ ಸೇರಿಸ್ಲಿಲ್ಲ ಅಂತ ನೀವು ಕೇಳ್ಬಹುದು. ಹಿಂದೆ ಬಿಳಿಯರಿಗೆ ಮಾತ್ರ ಇದ್ದ ಸರ್ಕಾರಿ ಶಾಲೆಗಳು ಈಗ ಎಲ್ಲರಿಗೂ ತೆರೆದಿವೆ, ಆದ್ರೆ 1996ರ ಸ್ಕೂಲ್ಸ್ ಆಕ್ಟ್ ಪ್ರಕಾರ ಪೋಷಕರ ಮಂಡಳಿ ಫೀಸ್ ನಿಗದಿ ಮಾಡಬಹುದು, ಒಳ್ಳೇ ಏರಿಯಾದಲ್ಲಿ ಅದು ವರ್ಷಕ್ಕೆ 50,000 ರಾಂಡ್ ದಾಟುತ್ತೆ. ಆ ದುಡ್ಡಲ್ಲಿ ಅವರು ಇನ್ನೂ ನಾಲ್ಕು ಟೀಚರ್ ಇಟ್ಕೋತಾರೆ. ಬಡವರಿಗೆ ಫೀಸ್ ಮಾಫಿ ಇದೆ, ಅಪ್ಪ ಅಮ್ಮ ಕೆಲಸ ಮಾಡೋ ಜಾಗದ ವಿಳಾಸ ಕೊಟ್ಟೂ ಅರ್ಜಿ ಹಾಕಬಹುದು, ಮಾಮಾ ಹಾಕಿದ್ರು ಕೂಡ. ಸೀಟು ಹತ್ತಿರದಲ್ಲಿ ವಾಸ ಇರೋರಿಗೆ ಮೊದಲು, ಅಲ್ಲಿಗೇ ತುಂಬಿಹೋಯ್ತು. ಆ ಹತ್ತಿರದಲ್ಲಿ ವಾಸ ಇರೋರು ಯಾರು ಅಂತ 1950ರಲ್ಲೇ ಗೆರೆ ಎಳೆದಾಗಿತ್ತಲ್ಲ.

2021ರಲ್ಲಿ ನಡೆದ ಅಂತಾರಾಷ್ಟ್ರೀಯ ಓದಿನ ಪರೀಕ್ಷೇಲಿ ಅಲ್ಲಿನ ನಾಲ್ಕನೇ ಕ್ಲಾಸಿನ ಮಕ್ಕಳಲ್ಲಿ ಶೇಕಡಾ 81ರಷ್ಟು ಮಕ್ಕಳಿಗೆ ಯಾವ ಭಾಷೇಲೂ ಅರ್ಥ ಮಾಡ್ಕೊಂಡು ಓದೋಕೆ ಬರಲ್ಲ ಅಂತ ಗೊತ್ತಾಯ್ತು. ತೊಂದರೆ ಇಲ್ಲಿಂದಲೇ ಶುರು. ಯೂನಿವರ್ಸಿಟಿ ಫೀಸ್ ವಿರುದ್ಧ 2015ರಲ್ಲಿ ವಿದ್ಯಾರ್ಥಿಗಳು ದೊಡ್ಡ ಹೋರಾಟ ಮಾಡಿದ್ರು, ಬಡ ಕುಟುಂಬದವರಿಗೆ ಆಮೇಲೆ ಉಚಿತವೂ ಆಯ್ತು, ಒಳ್ಳೇದೇ, ಆದ್ರೆ ಯೂನಿವರ್ಸಿಟಿ ಬಾಗಿಲವರೆಗೆ ಬರೋಷ್ಟು ದಾರಿ ಸವೆಸೋ ಮಕ್ಕಳೇ ಕಮ್ಮಿ. ಕಂಪನಿಗಳಲ್ಲಿ ಕಪ್ಪು ಜನಕ್ಕೆ ಅವಕಾಶ ಕೊಡಿ ಅಂತ 1998ರಿಂದ ಕಾನೂನಿದೆ. ಅದರಿಂದ ಒಂದು ಮಧ್ಯಮ ವರ್ಗ ಬೆಳೀತು, ನನ್ನ ಟೀಮಲ್ಲೇ ಇದ್ರು, ಬಹಳ ಬುದ್ಧಿವಂತರು, ಸಂಬಳ ಬಂದ ದಿನವೇ ಅರ್ಧ ಊರಿಗೆ ಕಳಿಸೋರು, ತಮ್ಮನ ಫೀಸು, ಅಜ್ಜಿ ಔಷಧಿ, ಅಕ್ಕನ ಮಕ್ಕಳ ಬಟ್ಟೆ. ಅದಕ್ಕೆ ಬ್ಲ್ಯಾಕ್ ಟ್ಯಾಕ್ಸ್ ಅಂತಾರೆ ಅಲ್ಲಿ. ಆದ್ರೂ ದೊಡ್ಡ ಹುದ್ದೆಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಬಿಳಿಯರೇ ಇದಾರೆ, ಜನಸಂಖ್ಯೇಲಿ ಅವರು ಶೇಕಡಾ 7ರಿಂದ 8.

ನನ್ನದೂ ಒಂದು ಮಾತು ಹೇಳ್ಬೇಕು. ಆಫೀಸ್ ಗೇಟಲ್ಲಿ ನಾನು ಹೋದ ಮೊದಲ ವಾರದಿಂದಲೂ ಯಾರೂ ನನ್ನ ಬ್ಯಾಗ್ ತೆಗೆಸಲಿಲ್ಲ. ಹನ್ನೊಂದು ವರ್ಷದಿಂದ ಬರ್ತಿದ್ದ ಮಾಮಾ ಬ್ಯಾಗನ್ನ ದಿನಾ ಸಂಜೆ ತೆಗೆಸಿ ನೋಡೋರು, ಟೀಪುಡಿ ಸಕ್ಕರೆ ಏನಾದ್ರೂ ಒಯ್ತಿದಾರಾ ಅಂತ. ನೋಡ್ತಿದ್ದ ಗಾರ್ಡೂ ಕಪ್ಪು ಹುಡುಗನೇ, ತಲೆ ತಗ್ಗಿಸ್ಕೊಂಡು ನೋಡ್ತಿದ್ದ. ನಾನು ಒಂದು ದಿನಾನೂ ಅದನ್ನ ಪ್ರಶ್ನೆ ಮಾಡ್ಲಿಲ್ಲ. ಆ ನಾಲ್ಕು ರೇಟಿನ ಪಟ್ಟೀಲಿ ಎರಡನೇ ಸಾಲಲ್ಲಿ ನಮ್ಮ ಬಣ್ಣ ಇತ್ತಲ್ಲ, ಅದು ನೆನಪಾದಾಗೆಲ್ಲ ಈಗಲೂ ನೋವಾಗುತ್ತೆ.

ಮಗಳು ಮೆಟ್ರಿಕ್ ಪಾಸಾದ್ಳು. ಕೆಲಸಕ್ಕೆ ಅರ್ಜಿ ಹಾಕ್ಬೇಕು ಅಂದ್ರೆ ಐಡಿ, ಸರ್ಟಿಫಿಕೇಟ್ ಜೆರಾಕ್ಸ್ ಮಾಡಿಸಿ, ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಸಲಿ ಪ್ರತಿ ತೋರಿಸಿ ಸೀಲ್ ಹಾಕಿಸ್ಬೇಕು. ಆ ಸೀಲಿಗೂ ಮೂರು ತಿಂಗಳು ದಾಟಿದ್ರೆ ಬಹಳ ಕಡೆ ತಗೊಳಲ್ಲ, ಮತ್ತೆ ಹೋಗ್ಬೇಕು. ಸೀಲಿಗೆ ದುಡ್ಡಿಲ್ಲ, ಆದ್ರೆ ಜೆರಾಕ್ಸಿಗೆ, ಟ್ಯಾಕ್ಸಿಗೆ, ಮೊಬೈಲ್ ಡೇಟಾಕ್ಕೆ ಬೇಕು. ನಾನು ವಾಪಸ್ ಬಂದು ಎರಡು ವರ್ಷ ಆಯ್ತು, ವಾಟ್ಸಾಪಲ್ಲಿ ಮಾತಾಡ್ತಿರ್ತೀವಿ. ಹೋದ ತಿಂಗಳು ಒಂದು ಫೋಟೋ ಕಳಿಸಿದ್ಳು, ಪ್ಲಾಸ್ಟಿಕ್ ಫೈಲು, ಒಳಗೆ ಆರು ಪ್ರತಿ, ಎಲ್ಲದರ ಮೇಲೂ ಹೊಸ ನೀಲಿ ಸೀಲು. ಕೆಳಗೆ ಬರೆದಿದ್ಳು, ಅಂಕಲ್, ಇದು ಒಂಬತ್ತನೇ ಸಲ, ಪಕ್ಕದಲ್ಲೇ ಸಂಜೆ ಹೊತ್ತು ಮ್ಯಾಥಮ್ಯಾಟಿಕ್ಸ್ ಮತ್ತೆ ಬರೆಯೋರಿಗೆ ಕ್ಲಾಸ್ ಶುರು ಮಾಡಿದಾರೆ, ಹೆಸರು ಕೊಟ್ಟಿದೀನಿ, ಶನಿವಾರ ಫೋನಲ್ಲಿ ಆಲ್ಜೀಬ್ರಾ ಹೇಳ್ಕೊಡ್ತೀರಾ ಅಂತ. ನಾಳೆ ಶನಿವಾರ. ಅವರಿಗೆ ಹನ್ನೊಂದು ಗಂಟೆ ಅಂದ್ರೆ ನಮಗೆ ಎರಡೂವರೆ. ನಮಸ್ಕಾರ.