ಮೂವತ್ತು ಎಸ್ಕುಡೊ ಅಂದರೆ ಐದು ರೂಪಾಯಿ

ನಮಸ್ಕಾರ ಎಲ್ಲರಿಗೂ. ಇವತ್ತು ಬೈಕ್ ಇಲ್ಲ, ಡ್ರೋನ್ ಇಲ್ಲ, ತಿರುಗಾಟವೂ ಇಲ್ಲ. ಒಂದು ಮೇಜು, ಒಂದು ಲ್ಯಾಂಪು, ಒಂದು ಆಲ್ಬಮ್. ಆಲ್ಬಮ್ ಒಳಗೆ ಇರೋದು ಪೋರ್ಚುಗೀಸರ ಕಾಲದಲ್ಲಿ ಗೋವಾ, ದಮನ್, ದಿಯುಗಳಲ್ಲಿ ಓಡಾಡಿದ ನೋಟುಗಳು.

ಮೊದಲು ಇದನ್ನ ನೋಡಿ. ಕ್ಯಾಮೆರಾ ಹತ್ತಿರ ತರ್ತೀನಿ. 30 ಅಂತ ಇದೆ, ಕಾಣ್ತಾ? ಮೂವತ್ತು ಎಸ್ಕುಡೊ, ಎಸ್ಕುಡೊ ಅಂದರೆ ಪೋರ್ಚುಗೀಸರ ಹಣ. ಮೂವತ್ತರ ನೋಟು ನೀವು ಯಾವತ್ತಾದ್ರೂ ಕೈಯಲ್ಲಿ ಹಿಡಿದಿದ್ದೀರಾ? ಹತ್ತು, ಇಪ್ಪತ್ತು, ಐವತ್ತು ಸರಿ. ಆದರೆ ಈ ಸರಣಿಯಲ್ಲಿ 30 ಇದೆ, 60 ಇದೆ, 300 ಇದೆ, 600 ಇದೆ. ಮೊದಲ ಸಲ ಪಟ್ಟಿ ನೋಡಿದಾಗ ಅಚ್ಚಿನ ತಪ್ಪು ಇರಬೇಕು ಅಂತ ಯಾರಿಗಾದ್ರೂ ಅನ್ನಿಸುತ್ತೆ.

ತಪ್ಪಲ್ಲ. ಆರರಿಂದ ಭಾಗಿಸಿ ನೋಡಿ. 30 ಅಂದರೆ 5. 60 ಅಂದರೆ 10. 300 ಅಂದರೆ 50. 600 ಅಂದರೆ 100. ಗೊತ್ತಾಯ್ತಲ್ವಾ? ಇವು ಹೆಸರಿಗೆ ಎಸ್ಕುಡೊ, ಒಳಗೆಲ್ಲ ರೂಪಾಯಿ.

ಗೋವಾದಲ್ಲಿ ಅಲ್ಲಿವರೆಗೆ ನಡೀತಾ ಇದ್ದದ್ದು ರುಪಿಯಾ, ಅಂದರೆ ಪೋರ್ಚುಗೀಸರ ರೂಪಾಯಿ. ಒಂದು ರುಪಿಯಾಕ್ಕೆ 16 ಟಂಗಾ, ನಮ್ಮ ಕಡೆ 16 ಆಣೆ ಇದ್ದ ಹಾಗೇ. ಗಡಿ ಆಚೆ ಈಚೆ ವ್ಯಾಪಾರ ಇರುವಾಗ ಲೆಕ್ಕ ಒಂದೇ ಥರ ಇದ್ದರೆ ಎಲ್ಲರಿಗೂ ಸಲೀಸು. 1958-59ರಲ್ಲಿ ಲಿಸ್ಬನ್ ಸರ್ಕಾರ ರುಪಿಯಾ ತೆಗೆದು ಎಸ್ಕುಡೊ ತಂತು. ಒಂದು ರುಪಿಯಾಕ್ಕೆ 6 ಎಸ್ಕುಡೊ. ನೋಟಿನ ಮೇಲಿರುವ ತಾರೀಖು 2 ಜನವರಿ 1959.

ಆ ವರ್ಷಗಳಲ್ಲಿ ಏನು ನಡೀತಿತ್ತು ಅನ್ನೋದನ್ನೂ ನೆನಪಿಸಿಕೊಳ್ಳಿ. 1955ರ ಆಗಸ್ಟ್ 15ರಂದು ಗೋವಾದೊಳಗೆ ಹೊರಟ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಭಾರತ ಗಡಿ ಮುಚ್ಚಿತು. ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್ ರಾಕ್ ಗೊತ್ತಲ್ವಾ, ದೂಧ್‌ಸಾಗರಕ್ಕೆ ಹೋಗೋವಾಗ ಸಿಗುವ ಸ್ಟೇಷನ್ನು? ಈಗ ಎಲ್ಲರೂ ಮಳೆ ವಿಡಿಯೋ ಮಾಡೋಕೆ ಅಲ್ಲಿ ಇಳೀತಾರೆ. ಆಗ ಅದು ಗಡಿ ಸ್ಟೇಷನ್. ಗೋವಾದಿಂದ ಬಂದವರ ಚೀಲ, ಪೆಟ್ಟಿಗೆ ಎಲ್ಲ ಅಲ್ಲೇ ಬಿಚ್ಚಿಸಿ ನೋಡ್ತಿದ್ರು. ಗಡಿ ಮುಚ್ಚಿದ ಮೇಲೆ ಆ ರೈಲು ದಾರಿಯೂ ನಿಂತುಹೋಯ್ತು.

ಈ ಕಡೆ ಬಾಗಿಲು ಹಾಕಿದ ಮೇಲೆ ದುಡ್ಡಿನ ನಂಟನ್ನೂ ಲಿಸ್ಬನ್ ಕಡೆಗೆ ಎಳೆದರು ಅಂತ ನಾನು ಓದಿಕೊಳ್ತೀನಿ. ಆದರೆ ಮೀನು ಮಾರೋ ಹೆಂಗಸು ಒಂದೇ ದಿನಕ್ಕೆ ಲೆಕ್ಕ ಬದಲಾಯಿಸ್ತಾಳಾ? ಐದು ರೂಪಾಯಿ ಜಾಗಕ್ಕೆ ಮೂವತ್ತರ ನೋಟು ಬೇಕೇ ಬೇಕಾಯ್ತು. ಮಜಾ ಏನು ಗೊತ್ತಾ? ಇದೇ ಸರಣಿಯಲ್ಲಿ 100 ಎಸ್ಕುಡೊ ನೋಟೂ ಇದೆ. ಅದನ್ನ ರುಪಿಯಾಕ್ಕೆ ತಂದರೆ 16 ರುಪಿಯಾ, 10 ಟಂಗಾ, ಮೇಲೆ ಇನ್ನೂ ಸ್ವಲ್ಪ ಚಿಲ್ಲರೆ. ಅಂಗಡಿಯವನ ತಲೆನೋವು ಅಷ್ಟಿಷ್ಟಲ್ಲ!

ಮೂರು ವರ್ಷ ತುಂಬೋದರೊಳಗೆ, 1961ರ ಡಿಸೆಂಬರ್‌ನಲ್ಲಿ, ಭಾರತದ ಸೇನೆ ಗೋವಾಕ್ಕೆ ಬಂತು. ಎಸ್ಕುಡೊ ಕಥೆ ಮುಗೀತು.

ಈಗ ನೋಟಿನ ಮೇಲಿರುವ ಮುಖ. ಉದ್ದ ಗಡ್ಡದ ಈ ಮನುಷ್ಯ ಅಫೊನ್ಸೊ ಡಿ ಅಲ್ಬುಕರ್ಕ್. ಶಾಲೆಯಲ್ಲಿ ಓದಿರ್ತೀರಿ. 1510ರಲ್ಲಿ ಬಿಜಾಪುರದ ಆದಿಲ್ ಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡವನು. ಮಾರ್ಚ್‌ನಲ್ಲಿ ಗೆದ್ದ, ಮೇ ತಿಂಗಳಲ್ಲಿ ಬಿಟ್ಟು ಓಡಬೇಕಾಯ್ತು, ನವೆಂಬರ್‌ನಲ್ಲಿ ಮತ್ತೆ ಬಂದು ಹಿಡಿದ. ಗೋವಾ ಮೇಲೆ ಬೀಳು ಅಂತ ಅವನಿಗೆ ಕಿವಿಯೂದಿದ್ದು ಯಾರು? ನಮ್ಮ ಹೊನ್ನಾವರದ ಕಡೆಯ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ನೋಟಿನ ಮೇಲೆ ಅವನ ಸುಳಿವಿಲ್ಲ, ಇರೋದೂ ಇಲ್ಲ ಬಿಡಿ.

ಪುಟ ತಿರುಗಿಸ್ತೀನಿ. ಇದು 5 ರುಪಿಯಾ, ತಾರೀಖು 29 ನವೆಂಬರ್ 1945. ಇಲ್ಲೂ ಅದೇ ಗಡ್ಡದ ಮನುಷ್ಯ. ಎಡಗಡೆ ಚಿಕ್ಕ ಹಡಗು ಕಾಣ್ತಿದೆಯಲ್ಲ, ಅದು ಈ ನೋಟು ಹೊರಡಿಸಿದ ಬ್ಯಾಂಕಿನ ಗುರುತು. ಬ್ಯಾಂಕಿನ ಹೆಸರು ಬಾಂಕೊ ನಾಸಿಯೊನಾಲ್ ಉಲ್ತ್ರಾಮರಿನೊ. ಸಂಗ್ರಹಕಾರರು ಇಷ್ಟುದ್ದ ಹೇಳಲ್ಲ, ಬಿಎನ್‌ಯು ಅಂತಾರೆ. 1864ರಲ್ಲಿ ಲಿಸ್ಬನ್‌ನಲ್ಲಿ ಶುರುವಾದದ್ದು. ಗೋವಾಕ್ಕೆ 1906ರಿಂದ ನೋಟು ಹೊರಡಿಸಿತು. ಇದೇ ಹೆಸರು ಚೀನಾದ ಮಕಾವುದ ನೋಟಿನ ಮೇಲೆ ಈಗಲೂ ಬರುತ್ತೆ.

ಗೋವಾದಲ್ಲಿ ಈ ಬ್ಯಾಂಕಿನ ನೆನಪು ಅಷ್ಟು ಸಿಹಿಯಲ್ಲ. ಜನ ಅಡವಿಟ್ಟಿದ್ದ ಚಿನ್ನವನ್ನ 1961ರಲ್ಲಿ ಲಿಸ್ಬನ್‌ಗೆ ಸಾಗಿಸಿಬಿಟ್ಟಿದ್ದರು. ಅದು ತಿರುಗಿ ಬಂದದ್ದು 1991ರಲ್ಲಿ. ಮೂವತ್ತು ವರ್ಷ! ಬಳೆ ಅಡವಿಟ್ಟ ಅಜ್ಜಿಯಂದಿರಲ್ಲಿ ಎಷ್ಟು ಜನ ಅದನ್ನ ಮತ್ತೆ ನೋಡಿದರೋ.

ಇನ್ನೂ ಹಳೆಯದು ಅಂದರೆ 1917ರ 4 ಟಂಗಾ, 8 ಟಂಗಾ ನೋಟುಗಳು. ಕಾಲು ರೂಪಾಯಿಗೆ, ಅರ್ಧ ರೂಪಾಯಿಗೆ ಕಾಗದ. ಮೊದಲ ಮಹಾಯುದ್ಧದ ಸಮಯ ಅದು. ಬೆಳ್ಳಿ ಸಾಲದೆ ಬ್ರಿಟಿಷ್ ಇಂಡಿಯಾದಲ್ಲೂ ಅದೇ ವರ್ಷ 1 ರೂಪಾಯಿ ನೋಟು ಬಂತು. ಟಂಗಾ ನೋಟು ನನ್ನ ಹತ್ತಿರ ಇಲ್ಲ. ಚೆನ್ನಾಗಿರೋದು ಸಿಗೋದೇ ಅಪರೂಪ, ಸಿಕ್ಕರೂ ನನ್ನ ಜೇಬಿಗೆ ನಿಲುಕಲ್ಲ.

ಕೊಳ್ಳೋ ಆಸೆ ಇರೋರಿಗೆ ಒಂದೆರಡು ಮಾತು. ಬೆಂಗಳೂರಿನ ನಾಣ್ಯ ಮೇಳದಲ್ಲಿ ಒಬ್ಬರು ಹಿರಿಯರು ನನಗೆ ಹೇಳಿದ್ದು: "ತಮ್ಮಾ, ನೋಟು ಹೊಳೀತಾ ಇದ್ರೆ ಖುಷಿ ಪಡಬೇಡ, ಅನುಮಾನ ಪಡು." ಮಡಿಕೆ ಬಿದ್ದ ನೋಟನ್ನ ತೊಳೆದು, ಇಸ್ತ್ರಿ ಮಾಡಿ, ಹೊಸದು ಅಂತ ಮಾರ್ತಾರೆ. ಲ್ಯಾಂಪ್ ಪಕ್ಕದಿಂದ ಓರೆಯಾಗಿ ಹಿಡಿದರೆ ಗುಟ್ಟು ರಟ್ಟು. ಈಗ ನೋಡಿ, ನನ್ನ ಐದು ರುಪಿಯಾ. ಮೇಲಿನಿಂದ ನೋಡಿದರೆ ಏನೂ ಇಲ್ಲ. ಓರೆ ಮಾಡಿದೆ. ನಟ್ಟನಡುವೆ ಒಂದು ಗೆರೆ, ಅದಕ್ಕೆ ಅಡ್ಡ ಇನ್ನೊಂದು. ಯಾರದೋ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿದ್ದ ನೋಟು ಇದು. ಅಂಚಿನ ಹತ್ತಿರ ಎರಡು ತೂತು, ಸುತ್ತ ತುಕ್ಕಿನ ಕಲೆ. ಪಿನ್ ಚುಚ್ಚಿ ಇಟ್ಟಿದ್ದ ಗುರುತು. ಕಟ್ಟಾ ಸಂಗ್ರಹಕಾರರು ಇದಕ್ಕೆ ದರ ಇಳಿಸ್ತಾರೆ. ನನಗಂತೂ ಇಂಥದ್ದೇ ಇಷ್ಟ. ಒಂದು ಸಲವೂ ಸಂತೆಗೆ ಹೋಗದ ನೋಟು ಇಟ್ಟುಕೊಂಡು ಏನು ಮಾಡೋದು?

ಲ್ಯಾಮಿನೇಷನ್ ಮಾತ್ರ ದಯವಿಟ್ಟು ಮಾಡಿಸಬೇಡಿ. ಪಿವಿಸಿ ಕವರ್ ಕೂಡ ಬೇಡ. ವರ್ಷಗಳು ಕಳೆದ ಹಾಗೆ ಅಂಟಂಟಾಗಿ ಶಾಯಿ ಹಾಳು ಮಾಡುತ್ತೆ. ಪಾಲಿಯೆಸ್ಟರ್ ಕವರ್ ಸಿಗುತ್ತೆ, ದುಡ್ಡು ಜಾಸ್ತಿ, ಆದ್ರೂ ಅದೇ ತಗೊಳ್ಳಿ.

ಕೊಳ್ಳೋದು ಬೇಡ, ಸುಮ್ನೆ ನೋಡಿದರೆ ಸಾಕು ಅನ್ನೋರು ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರ ನೋಟುಗಳ ಮ್ಯೂಸಿಯಂಗೆ ಹೋಗಿ ಬನ್ನಿ. ಅರ್ಧ ದಿನ ಇಟ್ಟುಕೊಂಡು ಹೋಗಿ.

ನನ್ನ ಆಲ್ಬಮ್‌ನಲ್ಲಿ 1945ರ 20 ರುಪಿಯಾ ಜಾಗ ಇನ್ನೂ ಖಾಲಿ ಇದೆ. ಕಾರವಾರ, ಬೆಳಗಾವಿ ಕಡೆಯವರೇ, ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಇಂಥದ್ದೇನಾದ್ರೂ ಇದ್ದರೆ ಎರಡೂ ಬದಿಯ ಫೋಟೋ ಕಳಿಸಿ. ಫ್ಲ್ಯಾಶ್ ಹಾಕಬೇಡಿ. ಮಾರಲ್ಲ ಅಂದ್ರೂ ಪರವಾಗಿಲ್ಲ, ಅದು ನಿಮ್ಮ ಮನೆಗೆ ಹೇಗೆ ಬಂತು ಅಂತ ಬರೀರಿ, ಮುಂದಿನ ವಿಡಿಯೋದಲ್ಲಿ ಓದಿ ಹೇಳ್ತೀನಿ.