ಬೆಳಕಿಗೆ ಹಿಡಿದು ನೋಡಿ, ಇದು ಸುರಹೊನ್ನೆ

ಎಲ್ಲರ ಕೈಗೂ ಒಂದೊಂದು ಎಲೆ ಬಂತಾ? ಹಿಂದಿನ ಸಾಲಿನವರಿಗೆ ಸಿಗದಿದ್ದರೆ ಪಕ್ಕದವರದ್ದನ್ನೇ ಇಣುಕಿ ನೋಡಿ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ಒಂದು ದಪ್ಪ ನರ. ಅದರ ಎರಡೂ ಬದಿಗೆ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಗೆರೆಗಳು ಅಂಚಿನವರೆಗೂ ಹೋಗುತ್ತವೆ. ಕಾಣಿಸಿತಾ? ಸರಿ, ಇನ್ನು ಮುಂದೆ ಈ ಮರವನ್ನು ನೀವು ಎಲ್ಲಿ ಕಂಡರೂ ಗುರುತು ಹಿಡಿಯುತ್ತೀರಿ. ಅರ್ಧ ಉಪನ್ಯಾಸ ಮುಗಿದ ಹಾಗೆ.

ಗಿಡಮರಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಕ್ಯಾಲೋಫಿಲಮ್ ಇನೋಫಿಲಮ್ ಎಂದು ಹೆಸರಿಟ್ಟ. ಕ್ಯಾಲೋಫಿಲಮ್ ಅಂದರೆ ಗ್ರೀಕಿನಲ್ಲಿ ಚೆಂದದ ಎಲೆ. ಹೂವಿಗೆ ಅಷ್ಟು ಪರಿಮಳ ಇದ್ದರೂ ಹೆಸರು ಮಾತ್ರ ಎಲೆಯದ್ದು!

ನಮ್ಮ ಕಡೆಯ ಹೆಸರುಗಳದ್ದೇ ತಲೆನೋವು. ಕನ್ನಡದಲ್ಲಿ ಸುರಹೊನ್ನೆ, ಕರಾವಳಿಯಲ್ಲಿ ಬರೀ ಹೊನ್ನೆ, ಕೊಂಕಣಿಯಲ್ಲಿ ಉಂಡಿ. ಇಷ್ಟಾದರೆ ತೊಂದರೆ ಇರಲಿಲ್ಲ. ಆದರೆ ಘಟ್ಟದ ಮೇಲಿನವರಿಗೆ ಹೊನ್ನೆ ಅಂದರೆ ಬೇರೆಯೇ ಮರ, ಅದು ಬೇಂಗ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುತ್ತಾರಲ್ಲ, ಆ ಮರದ ಲೋಟ ಬೇಂಗದ್ದು. ನಮ್ಮೂರಿನ ಹಿರಿಯರೊಬ್ಬರು ಯಾರೋ ಹೇಳಿದ್ದು ಕೇಳಿ ಕಡಲ ದಡದ ಹೊನ್ನೆಯ ಚಕ್ಕೆ ಕೆತ್ತಿ ತಂದು ನೆನೆಸಿಟ್ಟಿದ್ದರು. "ನೀರಿಗೆ ನೀಲಿ ಬಣ್ಣ ಬರಬೇಕಂತೆ, ಬರಲೇ ಇಲ್ಲ ಮಾರಾಯ" ಎಂದು ನನ್ನ ಹತ್ತಿರ ದೂರು. ಬರುವುದಾದರೂ ಹೇಗೆ? ಬೇಂಗದ ಚಕ್ಕೆಗೆ ಮಾತ್ರ ಆ ಗುಣ. ಪುಣ್ಯಕ್ಕೆ ಕುಡಿದಿರಲಿಲ್ಲ.

ಬೇಂಗವನ್ನು ಬೇರೆ ಮಾಡುವುದು ಸುಲಭ. ಒಂದೇ ಕಡ್ಡಿಗೆ ಐದಾರು ಎಲೆ, ತೊಗಟೆಗೆ ಕತ್ತಿ ತಾಗಿಸಿದರೆ ರಕ್ತದ ಹಾಗೆ ಕೆಂಪು ಅಂಟು. ಕಾಯಿ ಚಪ್ಪಟೆ, ಸುತ್ತಲೂ ರೆಕ್ಕೆ. ಹೊಂಗೆಯೂ ಹಾಗೆಯೇ, ಕಡ್ಡಿಗೆ ಹಲವು ಎಲೆ. ಸುರಹೊನ್ನೆಯ ಎಲೆ ಒಂಟಿ, ಆದರೆ ಎದುರುಬದುರಾಗಿ ಜೋಡಿಯಲ್ಲಿ ಕೂರುತ್ತದೆ. ದಪ್ಪ, ಮುಟ್ಟಿದರೆ ಚರ್ಮದ ಹಾಗೆ, ಮೇಲೆ ಎಣ್ಣೆ ಸವರಿದಷ್ಟು ಹೊಳಪು. ತೊಟ್ಟು ಮುರಿದರೆ ಹಾಲು ಜಿನುಗುತ್ತದೆ. ಆ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳೇ.

ನಿಜವಾಗಿ ಮೋಸ ಹೋಗುವುದು ಸುರಗಿಯ ಹತ್ತಿರ. ಅದೂ ದಪ್ಪ ಎಲೆ, ಅದೂ ಜೋಡಿ. ಬೆಳಕಿಗೆ ಹಿಡಿದರೆ ಬಾಚಣಿಗೆ ಇಲ್ಲ, ಮೀನಿನ ಬಲೆಯ ಹಾಗೆ ಹೆಣೆದ ನರಗಳು. ಸುರಗಿಯ ಹೂ ಗೆಲ್ಲಿಗೇ ಅಂಟಿಕೊಂಡು ಬಿಡುತ್ತದೆ. ಸುರಹೊನ್ನೆಯದ್ದು ಎಲೆಯ ಬುಡದಿಂದ ಹೊರಟ ಗೊಂಚಲು, ಬಿಳಿ ಎಸಳು, ನಡುವೆ ಹಳದಿ ಕೇಸರದ ಕುಚ್ಚು. ನಾಗಸಂಪಿಗೆಯ ಎಲೆಯಾದರೆ ಸಪೂರ, ಚಿಗುರು ಕೆಂಪು. ಅದನ್ನು ಬಿಡಿ, ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.

ಇನ್ನು ಕಾಯಿ. ನಮಗೆ ಚಿಕ್ಕಂದಿನಲ್ಲಿ ಗೋಲಿ ಅಂದರೆ ಇದೇ. ಹಸಿರು ಉಂಡೆ, ಹಣ್ಣಾದರೆ ಹಳದಿ, ಒಣಗಿದರೆ ಸುಕ್ಕುಗಟ್ಟಿ ಕಂದು. ಒಳಗೆ ಗಟ್ಟಿ ಚಿಪ್ಪು, ಅದರೊಳಗೆ ಒಂದೇ ಬೀಜ. ಇದು ನೀರಲ್ಲಿ ಮುಳುಗುವುದಿಲ್ಲ. ಕಡಲಲ್ಲಿ ತೇಲಿ ತೇಲಿ ಎಲ್ಲೋ ದಡ ಸೇರಿ ಮೊಳೆಯುತ್ತದೆ. ಆಫ್ರಿಕಾದ ಪೂರ್ವ ತೀರದಿಂದ ಪೆಸಿಫಿಕ್ ದ್ವೀಪಗಳವರೆಗೂ ಈ ಮರ ಹಬ್ಬಿದ್ದರಲ್ಲಿ ಅಲೆಗಳ ಪಾಲು ದೊಡ್ಡದು. ದಡದಿಂದ ಒಳಗೆ ಒಯ್ಯುವ ಕೆಲಸ ಬಾವಲಿಯದ್ದು. ಸಿಪ್ಪೆ ತಿಂದು ಬೀಜ ಬೀಳಿಸುತ್ತದೆ.

ನನ್ನ ಅಜ್ಜಿಗೆ ಈ ಕಾಯಿ ಆಟದ ವಸ್ತುವಲ್ಲ, ವರ್ಷದ ದೀಪದೆಣ್ಣೆ. ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ಹೊನ್ನೆ ಎಣ್ಣೆಯ ದೀಪ ಉರಿಯುತ್ತಿತ್ತು. ಅದನ್ನು ತೆಗೆಯುವುದರಲ್ಲಿ ಒಂದು ಗುಟ್ಟಿದೆ. ಹಸಿ ಬೀಜ ಒಡೆದರೆ ಬಿಳಿ ತಿರುಳು, ಹಿಂಡಿದರೆ ಎಣ್ಣೆಯೇ ಇಲ್ಲ ಅನ್ನಬೇಕು. ಬಿಸಿಲಲ್ಲಿ ವಾರಗಟ್ಟಲೆ ಒಣಗಿಸಬೇಕು. ಬಿಳಿ ಹೋಗಿ ಕಂದು ಬರುತ್ತದೆ, ಕೈಗೆ ಅಂಟುತ್ತದೆ. ಆಗ ಗಾಣಕ್ಕೆ. ಚೆನ್ನಾಗಿ ಒಣಗಿದ ತಿರುಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಅವಸರ ಮಾಡಿದವರಿಗೆ ಬರೀ ಹಿಂಡಿ. ಅಂಗಳದಲ್ಲಿ ತಿರುಳು ಹರವಿ ಅಜ್ಜಿ ದಿನಾ ಒಂದನ್ನು ಮುರಿದು ಮೂಸಿ, "ಇನ್ನೂ ಆಗಲಿಲ್ಲ" ಎನ್ನುತ್ತಿದ್ದರು. ಆ ಹದ ಪುಸ್ತಕದಲ್ಲಿ ಸಿಗುವುದಿಲ್ಲ.

ಎಣ್ಣೆ ದಪ್ಪ, ಹಸಿರು, ಘಾಟು ವಾಸನೆ. ಅಡಿಗೆಗೆ ಖಂಡಿತ ಬೇಡ, ವಿಷ. ಹಿಂದಿನವರು ಗಂಟುನೋವಿಗೆ ತಿಕ್ಕಿದರು, ಕಜ್ಜಿಗೆ ಹಚ್ಚಿದರು, ದೋಣಿಯ ಹಲಗೆಗೆ ಬಳಿದರು, ಸೋಪಿಗೂ ಹಾಕಿದರು. ಈಗ ವಾಹನಕ್ಕೆ ಬಯೋಡೀಸೆಲ್ ಮಾಡಿಯೂ ನೋಡಿದ್ದಾರೆ. ನನಗೆ ನಗು ಬರುವುದು ಇನ್ನೊಂದಕ್ಕೆ. ಪೆಸಿಫಿಕ್ ದ್ವೀಪ ತಾಹಿತಿಯಲ್ಲಿ ಇದೇ ಮರವನ್ನು ತಮನು ಎನ್ನುತ್ತಾರೆ. ಆ ಹೆಸರಿನ ಚೀಟಿ ಹಚ್ಚಿದ ಚಿಕ್ಕ ಬಾಟಲಿಯನ್ನು ನಮ್ಮ ಹುಡುಗಿಯರು ಆನ್‌ಲೈನ್‌ನಲ್ಲಿ ತರಿಸಿ ಮುಖಕ್ಕೆ ಹಚ್ಚುತ್ತಾರೆ. ಮನೆಯ ಹಿಂದೆ ಕಾಯಿ ಬಿದ್ದು ಕೊಳೆಯುತ್ತಿರುತ್ತದೆ! ಹಚ್ಚುವವರು ಮೊದಲು ಕೈಗೆ ಸ್ವಲ್ಪ ಸವರಿ ನೋಡಿ, ಕೆಲವರಿಗೆ ಒಗ್ಗುವುದಿಲ್ಲ.

ಮರದ ಬಗ್ಗೆ ಎರಡೇ ಮಾತು. ಗಟ್ಟಿ, ದೋಣಿಗೆ ಆಗುತ್ತದೆ. ದಡದ ಮರ ನೆಟ್ಟಗೆ ಬೆಳೆಯುವುದಿಲ್ಲ, ಕಡಲ ಕಡೆಗೆ ವಾಲುತ್ತದೆ. ಆ ಡೊಂಕೇ ದೋಣಿಯ ಬಾಗಿದ ಭಾಗಗಳಿಗೆ ಅನುಕೂಲ.

ನಮ್ಮ ದಡಗಳಲ್ಲಿ ಈಗ ಕಣ್ಣಿಗೆ ಬೀಳುವುದು ಗಾಳಿಮರ. ಅದು 1868ರಲ್ಲಿ ಕಾರವಾರಕ್ಕೆ ಸೌದೆಗೆಂದು ಬಂದ ಹೊರಗಿನ ಗಿಡ. ಬೇಗ ಬೆಳೆಯುತ್ತದೆ, ನೆಡುವವರಿಗೆ ಲೆಕ್ಕ ತೋರಿಸಲು ಸುಲಭ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಉಪ್ಪುಗಾಳಿ, ಮರಳು ಎರಡನ್ನೂ ತಡೆದು ನಿಲ್ಲುವ ಮರ ನಮ್ಮಲ್ಲೇ ಇತ್ತು. ನಿಧಾನ ಬೆಳೆಯುತ್ತದೆ ಅನ್ನುವುದು ಅದರ ತಪ್ಪಾಯಿತು ಅಷ್ಟೇ.

ಬಾಗಿಲ ಹತ್ತಿರ ಗೋಣಿಯಲ್ಲಿ ಕಾಯಿ ಇಟ್ಟಿದ್ದೇನೆ, ಹೋಗುವಾಗ ಒಯ್ಯಿರಿ. ಸುಮ್ನೆ ಮಣ್ಣಿಗೆ ಹಾಕಿದರೆ ಮೊಳಕೆಗೆ ಎರಡು ತಿಂಗಳು ಹಿಡಿಯಬಹುದು. ಮೆತ್ತಗೆ ಕುಟ್ಟಿ, ತಿರುಳಿಗೆ ಪೆಟ್ಟಾಗದ ಹಾಗೆ ಚಿಪ್ಪು ಪೂರ್ತಿ ತೆಗೆದು ಹಾಕಿ, ಮೂರು ವಾರಕ್ಕೆ ಮೊಳೆಯುತ್ತದೆ. ಈಗ ಊರಿಂದ ಎಲೆ ತಂದವರು ಮುಂದೆ ಬನ್ನಿ. ಅಲ್ಲಿ ಕೆಂಪು ಸೀರೆ ಉಟ್ಟ ಅಕ್ಕ ತಂದದ್ದು ಸುರಗಿ ಅಂತ ನನಗೆ ಇಲ್ಲಿಂದಲೇ ಅನುಮಾನ. ಬೆಳಕಿಗೆ ಹಿಡಿಯಿರಿ ಅಕ್ಕ, ನೋಡೋಣ.