ಆಲ್ವರಾಡೋ ಬೀದಿಯ ಬೋರ್ಡುಗಳು: ಲ್ಯಾಟಿನೋ ಜನರ ನಡುವೆ ವಲಸೆ ಸಲಹೆಯ ಕೆಲಸ

ಈಗ ಪರದೆ ಮೇಲೆ ಕಾಣ್ತಿರೋದು ಲಾಸ್ ಏಂಜಲೀಸ್‌ನ ಆಲ್ವರಾಡೋ ಬೀದಿ, ಮ್ಯಾಕಾರ್ಥರ್ ಪಾರ್ಕ್ ಪಕ್ಕದ್ದು. ಎಲ್ ಸಾಲ್ವಡೋರ್, ಗ್ವಾಟೆಮಾಲಾ, ಮೆಕ್ಸಿಕೋ ಕಡೆಯಿಂದ ಬಂದವರು ಒತ್ತೊತ್ತಾಗಿ ಬದುಕೋ ಜಾಗ. ಹಣ್ಣಿನ ಗಾಡಿ, ಪುಪುಸಾ ಅಂಗಡಿ, ಫೋನ್ ರಿಪೇರಿ, ಇವುಗಳ ಮಧ್ಯೆ ನೇತಾಡ್ತಿರೋ ಬೋರ್ಡುಗಳನ್ನ ಗಮನಿಸಿ. ಇನ್‌ಕಮ್ ಟ್ಯಾಕ್ಸ್, ಡೈವೋರ್ಸ್, ನೋಟರಿ, ಇಮಿಗ್ರೇಷನ್, ಎಲ್ಲಾ ಒಂದೇ ಬಾಗಿಲಲ್ಲಿ.

ವಲಸೆ ಬಂದವರೇ ಮುಂದೆ ವಲಸೆ ಸಲಹೆಗಾರರಾಗೋದು ಇಲ್ಲಿ ತುಂಬಾ ಸಾಮಾನ್ಯ. ಸ್ಪ್ಯಾನಿಷ್ ಬರುತ್ತೆ, ತಮ್ಮ ಗ್ರೀನ್ ಕಾರ್ಡ್ ಫಾರ್ಮ್ ತಾವೇ ತುಂಬಿ ಗೆದ್ದಿರ್ತಾರೆ, ಅಕ್ಕಪಕ್ಕದವರು ‘ನಮ್ದೂ ಸ್ವಲ್ಪ ನೋಡಿ’ ಅಂತ ಬರ್ತಾರೆ. ಈ ಕೆಲಸಕ್ಕೆ ಇದಕ್ಕಿಂತ ಅಪಾಯದ ಅರ್ಹತೆ ಇನ್ನೊಂದಿಲ್ಲ. ವೀಸಾ ಮೇಲೆ ವಿಮಾನದಲ್ಲಿ ಇಳಿದವರ ಕೇಸಿಗೂ ಗಡಿ ದಾಟಿ ನಡೆದು ಬಂದವರ ಕೇಸಿಗೂ ಫಾರ್ಮ್ ಒಂದೇ ಇರಬಹುದು, ಕಾನೂನು ಬೇರೆ. ಈ ವಿಡಿಯೋದಲ್ಲಿ ಹೇಳೋಕೆ ಹೊರಟಿರೋದು ಈ ಕೆಲಸವನ್ನ ಕಾನೂನಿನೊಳಗೆ ಮಾಡೋದು ಹೇಗೆ, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ ಅಂತ.

ಮೊದಲು ಆ ನೋಟರಿ ಬೋರ್ಡಿನ ವಿಷಯ ಮುಗಿಸಿಬಿಡೋಣ. ಭಾರತದಲ್ಲಿ ನೋಟರಿ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕೆ ಮಾಡಿರಬೇಕು. ಮೆಕ್ಸಿಕೋದಲ್ಲೂ ಹಾಗೇ, ‘ನೋಟಾರಿಯೋ’ ಅಂದ್ರೆ ಸರ್ಕಾರ ನೇಮಿಸಿದ ಅನುಭವಿ ವಕೀಲ. ಕ್ಯಾಲಿಫೋರ್ನಿಯಾದಲ್ಲಿ ಆರು ಗಂಟೆಯ ಕೋರ್ಸು, ಒಂದು ಪರೀಕ್ಷೆ, ಬೆರಳಚ್ಚು, 15,000 ಡಾಲರ್ ಬಾಂಡ್ (ನಷ್ಟ ಆದವರಿಗೆ ತುಂಬಿಕೊಡೋ ಜಾಮೀನು), ಇಷ್ಟಾದ್ರೆ ನೋಟರಿ. ಅವರ ಕೆಲಸ ಸಹಿ ಹಾಕಿದವರು ಇವರೇ ಅಂತ ಖಾತ್ರಿ ಮಾಡಿ ಮುದ್ರೆ ಒತ್ತೋದು, ಅಷ್ಟೇ. ಊರಲ್ಲಿ ನೋಟಾರಿಯೋಗೆ ಕೊಡೋ ಮರ್ಯಾದೆಯನ್ನ ಜನ ಈ ಮುದ್ರೆಯವರಿಗೂ ಕೊಡ್ತಾರೆ. ಆ ನಂಬಿಕೆ ಮೇಲೇ ಮೋಸದ ವ್ಯಾಪಾರ ನಿಂತಿರೋದು. ಅದಕ್ಕೇ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡೂ ಕಡೆ ನೋಟರಿಗಳು ಆ ಸ್ಪ್ಯಾನಿಷ್ ಹೆಸರಿಟ್ಟುಕೊಂಡು ಜಾಹೀರಾತು ಕೊಡೋ ಹಾಗಿಲ್ಲ.

ಹಾಗಾದ್ರೆ ಯಾರು ಮಾಡಬಹುದು? ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡೋ ಹಕ್ಕು ಇರೋದು ಮುಖ್ಯವಾಗಿ ಇಬ್ಬರಿಗೆ. ಒಬ್ಬರು ಲಾಯರ್. ಇನ್ನೊಬ್ಬರು ಫೆಡರಲ್ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿ. ಕ್ಯಾಲಿಫೋರ್ನಿಯಾದಲ್ಲಿ ಮೂರನೇ ಜಾತಿ ಒಂದಿದೆ, ‘ಇಮಿಗ್ರೇಷನ್ ಕನ್ಸಲ್ಟೆಂಟ್’. ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಹಿನ್ನೆಲೆ ತಪಾಸಣೆ ಮುಗಿಸಿ, 1,00,000 ಡಾಲರ್ ಬಾಂಡ್ ಕಟ್ಟಿ ಶುರು ಮಾಡೋ ವ್ಯವಹಾರ. ಗಿರಾಕಿಗೆ ಇಂಗ್ಲಿಷ್‌ನಲ್ಲೂ ಅವರ ಭಾಷೆಯಲ್ಲೂ ಬರೆದ ಕರಾರು ಕೊಡಬೇಕು. 72 ಗಂಟೆ ಒಳಗೆ ಅವರು ಆ ಕರಾರು ರದ್ದು ಮಾಡಬಹುದು. ‘ನಾನು ಲಾಯರ್ ಅಲ್ಲ’ ಅಂತ ಗೋಡೆ ಮೇಲೆ ಕಾಣೋ ಹಾಗೆ ಹಾಕಿರಬೇಕು. ಮೂಲ ದಾಖಲೆ ಕೇಳಿದ್ರೆ ವಾಪಸ್ ಕೊಡಬೇಕು, ಶುಲ್ಕದ ಜಗಳ ಇದ್ರೂ.

ಇಷ್ಟೆಲ್ಲಾ ಮಾಡಿದ ಮೇಲೆ ಆ ಕನ್ಸಲ್ಟೆಂಟ್ ಮಾಡಬಹುದಾದ್ದು ಏನು? ಗಿರಾಕಿ ಹೇಳಿದ ಉತ್ತರವನ್ನ ಫಾರ್ಮ್‌ನಲ್ಲಿ ಬರೆಯೋದು, ಆ ಉತ್ತರವನ್ನ ಅನುವಾದ ಮಾಡೋದು, ಜನನ ಪ್ರಮಾಣಪತ್ರದಂಥ ದಾಖಲೆ ತರಿಸೋದು, ತುಂಬಿದ ಫಾರ್ಮ್ ಕಳಿಸೋದು, ಲಾಯರ್ ಹತ್ರ ಕಳಿಸೋದು. ಉತ್ತರ ಏನಿರಬೇಕು ಅಂತ ಹೇಳೋ ಹಾಗಿಲ್ಲ. ಯಾವ ಫಾರ್ಮ್ ಹಾಕಬೇಕು ಅಂತ ಆರಿಸೋದೇ ಕಾನೂನು ಸಲಹೆ.

ಒಂದು ಉದಾಹರಣೆ ತಗೊಳ್ಳಿ. ಗ್ರೀನ್ ಕಾರ್ಡ್ ಕೇಳೋ ಐ-485 ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇದೆ: ಯಾವತ್ತಾದ್ರೂ ನೀವು ಅಮೆರಿಕದ ಪ್ರಜೆ ಅಂತ ಹೇಳಿಕೊಂಡಿದ್ದೀರಾ? ಕೆಲಸಕ್ಕೆ ಸೇರುವಾಗ ಐ-9 ಕಾಗದದಲ್ಲಿ ‘ಸಿಟಿಜನ್’ ಅನ್ನೋ ಚೌಕಕ್ಕೆ ಟಿಕ್ ಹಾಕಿದವರು ಬೇಕಾದಷ್ಟಿದ್ದಾರೆ. ಓದೋಕೆ ಬರದೇ ಹಾಕಿರ್ತಾರೆ, ಮೇಸ್ತ್ರಿ ಹೇಳಿದ ಅಂತ ಹಾಕಿರ್ತಾರೆ. 1996ರ ಸೆಪ್ಟೆಂಬರ್ 30ರ ನಂತರ ಹಾಗೆ ಹೇಳಿಕೊಂಡಿದ್ರೆ ಗ್ರೀನ್ ಕಾರ್ಡ್ ದಾರಿಗೆ ಬಹುತೇಕ ಶಾಶ್ವತ ಬೀಗ. ಗಿರಾಕಿ ತಡವರಿಸ್ತಿರುವಾಗ ‘ಇಲ್ಲ ಅಂತ ಹಾಕೋಣ ಬಿಡಿ’ ಅಂದ್ರೆ ಅದು ಸಲಹೆ, ಜೊತೆಗೆ ಸುಳ್ಳು ಹೇಳಿಕೆಗೆ ಕೈ ಜೋಡಿಸಿದ ಹಾಗೆ. ಹೀಗೆ ಪ್ರತಿ ಪುಟದಲ್ಲೂ ಗೆರೆ ಎದುರಾಗುತ್ತೆ. ಬಾಯಿ ಬಿಗಿ ಹಿಡಿದು ಬರೀ ಗುಮಾಸ್ತನಾಗಿ ಕೂರೋದು ಹೇಳಿದಷ್ಟು ಸುಲಭ ಅಲ್ಲ. ಈ ಕೆಲಸದಲ್ಲಿ ನಿಜವಾಗಿ ಬೆಳೆಯೋ ಆಸೆ ಇದ್ರೆ ಕನ್ಸಲ್ಟೆಂಟ್ ದಾರಿ ಬಿಟ್ಟು ಮಾನ್ಯತೆ ಪಡೆದ ಪ್ರತಿನಿಧಿ ಆಗೋದೇ ಸರಿ.

ಅದಕ್ಕೆ ಲಾ ಡಿಗ್ರಿ ಬೇಡ. ಆದ್ರೆ ಒಬ್ಬರೇ ಹೋಗಿ ಅರ್ಜಿ ಹಾಕೋಕೂ ಆಗಲ್ಲ. ಲಾಭರಹಿತ, ತೆರಿಗೆ ವಿನಾಯಿತಿ ಇರೋ, ಮುಖ್ಯವಾಗಿ ಬಡವರಿಗೆ ಸೇವೆ ಕೊಡೋ ಸಂಸ್ಥೆಯೊಂದರಲ್ಲಿ ನೌಕರ ಅಥವಾ ಸ್ವಯಂಸೇವಕ ಆಗಿರಬೇಕು. ಸಂಸ್ಥೆ ತನ್ನ ಮಾನ್ಯತೆಗೆ ಇಒಐಆರ್-31 ಅನ್ನೋ ಫಾರ್ಮ್, ನಿಮ್ಮ ಪರವಾಗಿ ಇಒಐಆರ್-31ಎ ಸಲ್ಲಿಸುತ್ತೆ. ಎರಡಕ್ಕೂ ಶುಲ್ಕ ಇಲ್ಲ. ಜೊತೆಗೆ ತರಬೇತಿಯ ಪ್ರಮಾಣಪತ್ರ, ಶಿಫಾರಸು ಪತ್ರ, ಒಳ್ಳೆಯ ನಡತೆಯ ಪುರಾವೆ ಬೇಕು. ಭಾಗಶಃ ಮಾನ್ಯತೆ ಸಿಕ್ಕರೆ ಗೃಹಭದ್ರತಾ ಇಲಾಖೆ, ಅಂದ್ರೆ ಮುಖ್ಯವಾಗಿ ವಲಸೆ ಅರ್ಜಿ ನೋಡೋ ಅದರ ಯುಎಸ್‌ಸಿಐಎಸ್ ಕಚೇರಿ ಮುಂದೆ ಮಾತ್ರ ಕೇಸು ನಡೆಸಬಹುದು. ಪೂರ್ಣ ಮಾನ್ಯತೆ ಇದ್ರೆ ಇಮಿಗ್ರೇಷನ್ ಕೋರ್ಟಿಗೂ ಹೋಗಬಹುದು, ಆದ್ರೆ ವಾದ ಮಾಡೋ, ಸಾಕ್ಷಿ ವಿಚಾರಿಸೋ ಕೌಶಲ ತೋರಿಸಬೇಕು. ಮೂರು ವರ್ಷಕ್ಕೊಮ್ಮೆ ನವೀಕರಣ. ತರಬೇತಿಗೆ ಕ್ಲಿನಿಕ್ ಅನ್ನೋ ಕ್ಯಾಥೊಲಿಕ್ ಕಾನೂನು ಜಾಲ, ಸ್ಯಾನ್ ಫ್ರಾನ್ಸಿಸ್ಕೋದ ಇಮಿಗ್ರಂಟ್ ಲೀಗಲ್ ರಿಸೋರ್ಸ್ ಸೆಂಟರ್, ಇವೆರಡು ಹೆಸರು ನೆನಪಿಡಿ. ಸಂಸ್ಥೆ ಬಿಟ್ಟರೆ ಮಾನ್ಯತೆಯೂ ಹೋಗುತ್ತೆ, ಮನೆಯಲ್ಲಿ ಕೂತು ಖಾಸಗಿಯಾಗಿ ದುಡ್ಡು ತಗೊಳ್ಳೋಕೆ ಅದನ್ನ ಬಳಸೋ ಹಾಗಿಲ್ಲ.

ಈ ಕಡೆ ಯೋಚಿಸ್ತಿರೋ ಕನ್ನಡಿಗರಿಗೆ ಒಂದು ಮಾತು: ಎಚ್-4 (ಎಚ್-1ಬಿ ಕೆಲಸದ ವೀಸಾ ಇರೋರ ಕುಟುಂಬದ ವೀಸಾ) ಮೇಲಿದ್ದರೆ ಸಂಬಳಕ್ಕೆ ಇಎಡಿ, ಅಂದ್ರೆ ವರ್ಕ್ ಪರ್ಮಿಟ್ ಬೇಕು. ಎಚ್-1ಬಿ ಮೇಲಿರೋರು ಇಂಥ ಸಂಸ್ಥೆಯಲ್ಲಿ ಸಂಬಳದ ಕೆಲಸ ಹಿಡಿಯಬೇಕಾದ್ರೆ ಅದೇ ಸಂಸ್ಥೆ ಅರ್ಜಿ ಹಾಕಿರಬೇಕು. ಸ್ಪ್ಯಾನಿಷ್ ಕಲಿಯದೇ ಈ ಕೆಲಸ ಇಲ್ಲ. ಕಲಿತ ಮೇಲೂ ಸಾಲದೇ ಇರಬಹುದು, ಯಾಕಂದ್ರೆ ಗ್ವಾಟೆಮಾಲಾದ ಕಿಚೆ, ಮಾಮ್, ಕಂಜೊಬಾಲ್ ಮಾತಾಡೋರಿಗೆ, ಓಹಾಕಾದ ಝಾಪೊಟೆಕ್ ಮಂದಿಗೆ ಸ್ಪ್ಯಾನಿಷ್ ಎರಡನೇ ಭಾಷೆ. ‘ಸೀ, ಸೀ’ ಅಂತ ತಲೆ ಆಡಿಸಿದ್ರೆ ಅರ್ಥ ಆಯ್ತು ಅಂತಲ್ಲ. ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಕೇಳಿ. ಉತ್ತರ ಬದಲಾದ್ರೆ ದುಭಾಷಿ ಕರೆಸಿ.

ಈಗ ಮೊದಲ ಭೇಟಿ. ಕೇಸು ಗೆಲ್ಲೋದೂ ಹಾಳಾಗೋದೂ ಇಲ್ಲೇ, ಫಾರ್ಮ್ ಆಮೇಲಿನ ಮಾತು. ಕನಿಷ್ಠ ಒಂದು ಗಂಟೆ ಇಡಿ. ‘ಅಮೆರಿಕಾಗೆ ಯಾವಾಗ ಬಂದಿರಿ’ ಅಂತ ಕೇಳಿದ್ರೆ ಒಂದೇ ವರ್ಷ ಹೇಳ್ತಾರೆ. ಹಾಗೆ ಕೇಳಬೇಡಿ. ಎಷ್ಟು ಸಲ ಬಂದಿರಿ, ಪ್ರತಿ ಸಲ ಎಲ್ಲಿ ದಾಟಿದಿರಿ, ಹೇಗೆ, ಯಾರಾದ್ರೂ ಹಿಡಿದ್ರಾ, ಬೆರಳಚ್ಚು ತಗೊಂಡ್ರಾ, ಕಾಗದಕ್ಕೆ ಸಹಿ ಹಾಕಿಸಿದ್ರಾ, ಮಧ್ಯೆ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿ ಬಂದಿರಾ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. 1996ರ ಕಾಯ್ದೆ ಪ್ರಕಾರ 180 ದಿನಕ್ಕಿಂತ ಹೆಚ್ಚು ದಾಖಲೆ ಇಲ್ಲದೆ ಇದ್ದು ಹೊರಗೆ ಹೋದ್ರೆ ಮೂರು ವರ್ಷ ನಿಷೇಧ, ಒಂದು ವರ್ಷ ದಾಟಿದ್ರೆ ಹತ್ತು ವರ್ಷ. ಇಲ್ಲೇ ಇರೋ ತನಕ ಅದು ಮಲಗಿರುತ್ತೆ, ದೇಶ ಬಿಟ್ಟ ಕ್ಷಣ ಎದ್ದು ಕೂರುತ್ತೆ. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಹಾಗಿದ್ದು, ಹೊರಗೆ ಹೋಗಿ, ಮತ್ತೆ ಕದ್ದು ದಾಟಿದ್ರೆ ಶಾಶ್ವತ ನಿಷೇಧ. ಅದಕ್ಕೆ ವಿನಾಯಿತಿ ಕೇಳೋಕೂ ಹತ್ತು ವರ್ಷ ಹೊರಗಿರಬೇಕು. ಇದು ಗೊತ್ತಿಲ್ಲದೆ, ಹೆಂಡತಿ ಸಿಟಿಜನ್ ಇದ್ದಾಳಲ್ಲ ಅಂತ ಕುಟುಂಬದವರಿಗಾಗಿ ಹಾಕೋ ಐ-130 ಅರ್ಜಿ ಹಾಕಿಸಿ, ಮೆಕ್ಸಿಕೋದ ಸಿಯುದಾದ್ ಹ್ವಾರೆಸ್‌ನಲ್ಲಿರೋ ಅಮೆರಿಕದ ಕಾನ್ಸುಲೇಟಿಗೆ ಸಂದರ್ಶನಕ್ಕೆ ಕಳಿಸಿದ್ರೆ ಗಂಡ ಅಲ್ಲೇ ಉಳೀತಾನೆ. ಮಕ್ಕಳು ಇಲ್ಲಿ, ಅಪ್ಪ ಅಲ್ಲಿ.

ಬಾಗಿಲು ತೆಗೆಯೋ ಪ್ರಶ್ನೆಗಳೂ ಇವೆ, ಅವನ್ನ ಕೇಳದೇ ಬಿಡೋದು ಇನ್ನೊಂದು ತಪ್ಪು. 2001ರ ಏಪ್ರಿಲ್ 30ರೊಳಗೆ ನಿಮಗೆ, ಅಪ್ಪನಿಗೆ, ಅಮ್ಮನಿಗೆ ಯಾರಾದ್ರೂ ಅರ್ಜಿ ಹಾಕಿದ್ರಾ? ಹಾಕಿದ್ರೆ 245(ಐ) ಅನ್ನೋ ಕಲಮಿನಡಿ 1,000 ಡಾಲರ್ ದಂಡ ಕಟ್ಟಿ, ದೇಶ ಬಿಡದೇ ಗ್ರೀನ್ ಕಾರ್ಡ್ ಪಡೆಯೋ ಸಾಧ್ಯತೆ ಇದೆ. ಚಿಕ್ಕಪ್ಪ ಹಾಕಿದ ಹಳೇ ಕಾಗದ ಪೆಟ್ಟಿಗೆಯಲ್ಲಿ ಕೂತಿರುತ್ತೆ, ಯಾರೂ ಕೇಳಿರಲ್ಲ. ದರೋಡೆ, ಹಲ್ಲೆ, ಮನೆಯೊಳಗಿನ ಹೊಡೆತ ಆಗಿದ್ಯಾ? ಪೊಲೀಸರಿಗೆ ಸಹಕರಿಸಿದ್ರೆ ಅಪರಾಧಕ್ಕೆ ಬಲಿಯಾದವರಿಗೆ ಕೊಡೋ ಯು ವೀಸಾ ನೋಡಬಹುದು. ಆದ್ರೆ ವರ್ಷಕ್ಕೆ 10,000 ಮಿತಿ ಇರೋದ್ರಿಂದ ಸರದಿ ವರ್ಷಗಟ್ಟಲೆ. ಸಹಕಾರ ನಿಜ ಅಂತ ಪೊಲೀಸ್ ಅಧಿಕಾರಿ ಸಹಿ ಮಾಡೋ ಸಪ್ಲಿಮೆಂಟ್ ಬಿ ಅನ್ನೋ ಫಾರ್ಮ್, ಅರ್ಜಿ ಹಾಕೋ ದಿನಕ್ಕೆ ಆರು ತಿಂಗಳೊಳಗಿನದ್ದಾಗಿರಬೇಕು.

ನೆನಪು ಮಸುಕಾಗಿದ್ರೆ ಊಹೆ ಮಾಡಿ ಬರೀಬೇಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಗಿರಾಕಿಯ ವಲಸೆ ಫೈಲ್ ಪ್ರತಿ ತರಿಸಿ. ಎಫ್‌ಬಿಐ ಬೆರಳಚ್ಚು ದಾಖಲೆಗೆ 18 ಡಾಲರ್. ಗಡಿಯಲ್ಲಿ ‘ಸುಮ್ನೆ ವಾಪಸ್ ಕಳಿಸಿದ್ರು’ ಅನ್ನೋದು ಫೈಲ್‌ನಲ್ಲಿ ಗಡೀಪಾರು ಆದೇಶ ಅಂತ ಇರೋದುಂಟು. ಯುಎಸ್‌ಸಿಐಎಸ್‌ನ 2025ರ ಫೆಬ್ರವರಿಯ ನೀತಿ ಬಂದ ಮೇಲೆ ಅರ್ಜಿ ತಿರಸ್ಕಾರ ಆಗಿ, ಕಾನೂನುಬದ್ಧ ಸ್ಥಿತಿ ಇಲ್ಲದವರಿಗೆ ಕೋರ್ಟಿನ ನೋಟಿಸ್ ಹೊರಡುತ್ತೆ. ಹಾಕಿ ನೋಡೋಣ, ಹೋದ್ರೆ ಒಂದು ಕಲ್ಲು ಅನ್ನೋ ಕಾಲ ಮುಗೀತು.

ಈಗ ಈ ಬೀದಿಯ ಅತಿ ದೊಡ್ಡ ಮೋಸಕ್ಕೆ ಬರೋಣ. ‘ಹತ್ತು ವರ್ಷದ ಕಾನೂನು’ ಅಂತಾರೆ. ಅಮೆರಿಕಾದಲ್ಲಿ ಹತ್ತು ವರ್ಷ ಆಗಿದ್ಯಾ, ಮಕ್ಕಳು ಇಲ್ಲೇ ಹುಟ್ಟಿದ್ರಾ, ಹಾಗಾದ್ರೆ ವರ್ಕ್ ಪರ್ಮಿಟ್ ಖಾತ್ರಿ, ಆಮೇಲೆ ಗ್ರೀನ್ ಕಾರ್ಡ್. ಗಿರಾಕಿಯಿಂದ ಸಾವಿರಾರು ಡಾಲರ್ ತಗೊಂಡು ಹಾಕೋದು ಏನು? ಐ-589, ಅಂದ್ರೆ ಸ್ವಂತ ದೇಶದಲ್ಲಿ ಹಿಂಸೆಯ ಭಯ ಇರೋರು ಹಾಕೋ ಆಶ್ರಯದ (ಅಸೈಲಮ್) ಅರ್ಜಿ. 2025ರ ಜುಲೈ ಕಾಯ್ದೆ ಬರೋ ತನಕ ಅದಕ್ಕೆ ಸರ್ಕಾರಿ ಶುಲ್ಕವೇ ಇರಲಿಲ್ಲ! ಆಶ್ರಯ ಕೇಳೋಕೆ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇವರು ಬಂದು ಹತ್ತು ವರ್ಷ ಆಗಿದೆ. ಒಳಗೆ ಬರೆದಿರೋ ಕಥೆ ಇನ್ಯಾರದೋ. ಆದ್ರೂ ಅರ್ಜಿ ಬಾಕಿ ಇರೋವಾಗ ವರ್ಕ್ ಪರ್ಮಿಟ್ ಬರುತ್ತೆ, ಗಿರಾಕಿ ಖುಷಿಯಾಗಿ ತಮ್ಮನನ್ನ, ಮೈದುನನನ್ನ ಕರ್ಕೊಂಡು ಬರ್ತಾನೆ. ಅರ್ಜಿ ಬಿದ್ದ ಮೇಲೆ ಕೇಸು ಕೋರ್ಟಿಗೆ. ‘ಹತ್ತು ವರ್ಷದ ಕಾನೂನು’ ಅನ್ನೋದು ಇರೋದು ಅಲ್ಲಿ ಮಾತ್ರ, ಗಡೀಪಾರು ವಿಚಾರಣೆಯಲ್ಲಿ ನಿಂತವರಿಗೆ ಕೊನೆಯ ರಕ್ಷಣೆಯಾಗಿ.

ಅದಕ್ಕೆ ಹತ್ತು ವರ್ಷದ ವಾಸ ಒಂದೇ ಸಾಲದು. ನಡತೆ ಚೆನ್ನಾಗಿರಬೇಕು, ಕೆಲವು ಅಪರಾಧ ಇರಬಾರದು, ಇವರನ್ನ ಕಳಿಸಿದ್ರೆ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರೋ ಗಂಡ, ಹೆಂಡತಿ, ಮಗು, ತಂದೆ ಅಥವಾ ತಾಯಿಗೆ ‘ಅಸಾಧಾರಣ, ತೀರಾ ವಿರಳ’ ಮಟ್ಟದ ಕಷ್ಟ ಆಗುತ್ತೆ ಅಂತ ಸಾಬೀತು ಮಾಡಬೇಕು. ಮಗು ಅಳುತ್ತೆ, ಸಂಬಳ ನಿಲ್ಲುತ್ತೆ ಅನ್ನೋದು ಆ ಮಟ್ಟಕ್ಕೆ ಮುಟ್ಟಲ್ಲ. ಮಗುವಿಗೆ ಗಂಭೀರ ಕಾಯಿಲೆ ಇದ್ದು, ಆ ಊರಲ್ಲಿ ಚಿಕಿತ್ಸೆ ಇಲ್ಲ ಅನ್ನೋ ಥರದ ಪುರಾವೆ ಬೇಕು. ವರ್ಷಕ್ಕೆ 4,000 ಜನಕ್ಕೆ ಮಾತ್ರ. ತನ್ನ ಹೆಸರಲ್ಲಿ ಆಶ್ರಯದ ಅರ್ಜಿ ಹೋಗಿದೆ ಅಂತಲೇ ಗಿರಾಕಿಗೆ ಗೊತ್ತಿಲ್ಲದೇ ಇರೋ ಕೇಸುಗಳೂ ಇವೆ. ಬೇಕಂತಲೇ ಸುಳ್ಳು ಅರ್ಜಿ ಅಂತ ಜಡ್ಜ್ ತೀರ್ಮಾನಿಸಿದ್ರೆ ಮುಂದೆ ಎಲ್ಲಾ ದಾರಿಯೂ ಬಹುಪಾಲು ಬಂದ್.

ದಾಖಲೆ ಕೆಲಸ ಅಷ್ಟು ನಾಟಕೀಯ ಅಲ್ಲ, ಆದ್ರೆ ದಿನದ ಹೆಚ್ಚು ಹೊತ್ತು ಅದಕ್ಕೇ ಹೋಗೋದು. ಹೆಸರು ಮೊದಲ ತೊಂದರೆ. ಲ್ಯಾಟಿನೋ ಹೆಸರಲ್ಲಿ ಅಪ್ಪನ ಮನೆತನ, ಅಮ್ಮನ ಮನೆತನ ಎರಡೂ ಇರುತ್ತೆ. ಜನನ ಪ್ರಮಾಣಪತ್ರದಲ್ಲಿ ಗಾರ್ಸಿಯಾ ಹೆರ್ನಾಂಡೆಸ್, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬರೀ ಹೆರ್ನಾಂಡೆಸ್, ಸಂಬಳದ ಚೀಟಿಯಲ್ಲಿ ಗಾರ್ಸಿಯಾ. ಬಳಸಿದ ಎಲ್ಲಾ ಹೆಸರನ್ನೂ ‘ಇತರ ಹೆಸರು’ ಜಾಗದಲ್ಲಿ ಬರೀರಿ. ತಾರೀಖು ನಮ್ಮ ಹಾಗೇ ದಿನ ಮೊದಲು, ತಿಂಗಳು ಆಮೇಲೆ. ಫಾರ್ಮ್‌ನಲ್ಲಿ ತಿಂಗಳು ಮೊದಲು. 05/08 ಯಾವುದು ಅಂತ ಪ್ರತಿ ಸಲ ಬಾಯಲ್ಲಿ ಹೇಳಿಸಿ. ಅನುವಾದ ಪೂರ್ತಿ ಇರಬೇಕು, ಮುದ್ರೆಯ ಅಕ್ಷರ, ಅಂಚಿನ ಟಿಪ್ಪಣಿ ಸೇರಿ. ಕೊನೆಯಲ್ಲಿ ಅನುವಾದಕರು ‘ಎರಡೂ ಭಾಷೆ ನನಗೆ ಬರುತ್ತೆ, ಇದು ಪೂರ್ಣ ಮತ್ತು ಸರಿ’ ಅಂತ ಬರೆದು ಹೆಸರು, ಸಹಿ, ವಿಳಾಸ, ತಾರೀಖು ಹಾಕಿದ್ರೆ ಸಾಕು. ಅದಕ್ಕೆ ನೋಟರಿ ಮುದ್ರೆ ಬೇಡ. ಆ ಮುದ್ರೆಗೆ ಅಂತ ಬೇರೆ ದುಡ್ಡು ಕೇಳೋರು ಇದ್ದಾರೆ, ಹುಷಾರು.

ಕಳಿಸೋ ದಿನವೇ ಫಾರ್ಮ್‌ನ ಆವೃತ್ತಿ ತಾರೀಖು, ಶುಲ್ಕ, ವಿಳಾಸ ಮೂರನ್ನೂ ಯುಎಸ್‌ಸಿಐಎಸ್ ಜಾಲತಾಣದಲ್ಲಿ ನೋಡಿ. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಲ್ಲಿ ಐ-130 ಕಾಗದದಲ್ಲಾದ್ರೆ 675 ಡಾಲರ್, ಆನ್‌ಲೈನ್‌ನಲ್ಲಿ 625. 2025ರ ಅಕ್ಟೋಬರ್ 28ರಿಂದ ಸಾಮಾನ್ಯವಾಗಿ ಚೆಕ್, ಮನಿ ಆರ್ಡರ್ ತಗೊಳ್ಳಲ್ಲ. ಕಾರ್ಡಿನಿಂದ ಕಟ್ಟೋಕೆ ಜಿ-1450 ಫಾರ್ಮ್, ಬ್ಯಾಂಕ್ ಖಾತೆಯಿಂದ ಕಟ್ಟೋಕೆ ಜಿ-1650. ಬ್ಯಾಂಕ್ ಖಾತೆ ಇಲ್ಲದ ಗಿರಾಕಿ ಪ್ರೀಪೇಯ್ಡ್ ಕಾರ್ಡ್ ತರ್ತಾರೆ. ಅದರಲ್ಲಿ ಹಣ ಒಂದು ಡಾಲರ್ ಕಮ್ಮಿ ಇದ್ರೂ ಇಡೀ ಕಟ್ಟು ವಾಪಸ್ ಬರುತ್ತೆ. ಮಾನ್ಯತೆ ಇದ್ದವರು ‘ಈ ಕೇಸಿಗೆ ಪ್ರತಿನಿಧಿ ನಾನು’ ಅಂತ ತಿಳಿಸೋ ಜಿ-28 ಫಾರ್ಮನ್ನ ಕಟ್ಟಿನ ಮೇಲ್ಗಡೆ ಇಡಿ. ಸಿದ್ಧಪಡಿಸಿದವರ ಜಾಗದಲ್ಲಿ ನಿಮ್ಮ ಸಹಿ ಹಾಕದೇ ‘ಅವರೇ ತುಂಬಿದ್ದು’ ಅನ್ನೋ ಹಾಗೆ ಕಳಿಸೋದು ಮೋಸದ ಕಚೇರಿಗಳ ಅಭ್ಯಾಸ.

ವಿಳಾಸ ಬದಲಾದ್ರೆ ಯುಎಸ್‌ಸಿಐಎಸ್‌ಗೆ ಎಆರ್-11 ಫಾರ್ಮ್ ಹತ್ತು ದಿನದೊಳಗೆ. ಕೋರ್ಟಿನಲ್ಲಿ ಕೇಸಿದ್ರೆ ಕೋರ್ಟಿಗೆ ಇಒಐಆರ್-33 ಫಾರ್ಮ್ ಐದು ದಿನದೊಳಗೆ, ಇದು ಬೇರೆ. ಒಂದನ್ನ ತಿಳಿಸಿ ಇನ್ನೊಂದನ್ನ ಮರೆತ್ರೆ ನೋಟಿಸ್ ಹಳೇ ಮನೆಗೆ ಹೋಗುತ್ತೆ, ವಿಚಾರಣೆಗೆ ಗೈರಾದವರ ಮೇಲೆ ಅವರಿಲ್ಲದೆಯೇ ಗಡೀಪಾರು ಆದೇಶ ಬೀಳುತ್ತೆ.

ಇನ್ನು, ಬೇರೆ ಕಡೆ ಮೋಸ ಹೋಗಿ ನಿಮ್ಮ ಬಾಗಿಲಿಗೆ ಬಂದವರು. ಮೊದಲು ಅಲ್ಲಿ ಏನು ಹಾಕಿದ್ದಾರೆ ಅಂತ ಪತ್ತೆ ಮಾಡಿ. ಏ-ನಂಬರ್ (ವಲಸೆ ಫೈಲ್‌ನ ಸಂಖ್ಯೆ) ಇದ್ರೆ 1-800-898-7180ಗೆ ಕರೆ ಮಾಡಿದ್ರೆ ಕೋರ್ಟಿನ ತಾರೀಖು ಸ್ಪ್ಯಾನಿಷ್‌ನಲ್ಲೇ ಹೇಳುತ್ತೆ. ಹಳೇ ಕಚೇರಿಗೆ ಬರವಣಿಗೆಯಲ್ಲಿ ಫೈಲ್ ಕೇಳಿಸಿ. ಗಡೀಪಾರು ಆದೇಶ ಇದ್ರೆ ಅದೇ ದಿನ ಲಾಯರ್ ಹತ್ರ ಕಳಿಸಿ, ಭಾಗಶಃ ಮಾನ್ಯತೆಯವರ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ದೂರನ್ನ ಲಾಸ್ ಏಂಜಲೀಸ್ ಕೌಂಟಿಯ ಗ್ರಾಹಕ ವ್ಯವಹಾರ ಇಲಾಖೆ ತಗೊಳ್ಳುತ್ತೆ, ರಾಜ್ಯದ ಸ್ಟೇಟ್ ಬಾರ್ ಕೂಡ ತಗೊಳ್ಳುತ್ತೆ. ಕನ್ಸಲ್ಟೆಂಟ್ ನೋಂದಾಯಿಸಿದ್ರೆ ಆ 1,00,000 ಡಾಲರ್ ಬಾಂಡ್ ಮೇಲೆ ಪರಿಹಾರ ಕೇಳಬಹುದು. ನಗದು ಕೊಟ್ಟಿದ್ವಿ, ರಸೀದಿ ಇಲ್ಲ ಅಂತಾರೆ. ವಾಟ್ಸ್ಯಾಪ್ ತೆಗೆಸಿ. ‘ಸೋಮವಾರ ಬಾಕಿ ಹಣ ತನ್ನಿ’ ಅನ್ನೋ ವಾಯ್ಸ್ ಮೆಸೇಜ್ ಬಹಳ ಸಲ ಅಲ್ಲೇ ಇರುತ್ತೆ. ಅದು ಅಳಿಸಿಹೋಗೋ ಮುಂಚೆ ಇನ್ನೊಂದು ಫೋನಿಗೆ ಕಳಿಸಿ, ತಾರೀಖು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಲಗತ್ತಿಸಿ.